ಕಪ್ಪು ಒಳಗೇ ಇತ್ತು, ಚಾಚಾ

ಪ್ರೀತಿಯ ಮೌಲಾ ಚಾಚಾ,

ನೀವು ಹೋದ ಮೇಲೆ ಇದು ಮೂರನೇ ಬೇಸಿಗೆ. ನಿಮಗೊಂದು ಸುದ್ದಿ ಹೇಳಬೇಕು, ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಯಾವುದು ಮೊದಲು ಎಂದು ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ಸುದ್ದಿ ಮೊದಲು ಹೇಳಿದರೆ ಅದರ ಖುಷಿಯಲ್ಲಿ ನೀವು ತಪ್ಪನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ.

ಸವಣೂರಿನಲ್ಲಿ ನಮ್ಮಿಬ್ಬರ ಅಂಗಡಿಗಳ ನಡುವೆ ಇದ್ದದ್ದು ಒಂದೇ ತಗಡಿನ ಗೋಡೆ. ಆ ಕಡೆ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವ ನಿಮ್ಮ ಒಲೆ, ಈ ಕಡೆ ಗಾಡಿಗಳ ಸೀಟಿಗೆ ರೆಕ್ಸಿನ್ ಕವರು ಹೊಲಿಯುವ ನನ್ನ ಯಂತ್ರ. ಹೆಣ್ಣುಮಗಳೊಬ್ಬಳು ಮೋಟಾರ್‌ಸೈಕಲ್ಲಿನ ಸೀಟು ಬಿಚ್ಚಿಕೊಂಡು ಕೂತಿದ್ದಾಳೆಂದು ಜನ ನಿಂತು ನೋಡುತ್ತಿದ್ದಾಗ ನೀವು ಒಳಗಿನಿಂದಲೇ ಗದರುತ್ತಿದ್ದಿರಿ. "ಏನ್ ನೋಡಾಕತ್ತೀರಿ? ಹೊಲಗಿ ನೋಡ್ರಿ, ಹೊಲಿಯಾಕಿನ್ನ ನೋಡಬ್ಯಾಡ್ರಿ!" ಆ ಮಾತಿಲ್ಲದಿದ್ದರೆ ನಾನು ಎರಡನೇ ವಾರಕ್ಕೇ ಅಂಗಡಿ ಮುಚ್ಚಿ ಮನೆ ಸೇರುತ್ತಿದ್ದೆನೇನೋ.

ಸ್ಟೀಲ್ ಪಾತ್ರೆಗಳು ಮನೆಮನೆಗೂ ಬಂದ ವರ್ಷಗಳು ನೆನಪಿವೆಯೇ? ನಿಮ್ಮ ಒಲೆ ವಾರಕ್ಕೆ ಮೂರು ದಿನ ಆರಿಯೇ ಇರುತ್ತಿತ್ತು. ಆಗ ನೀವು ಮೋಟಾರ್‌ಸೈಕಲ್ಲುಗಳ ಕಡೆ ತಿರುಗಿದಿರಿ. ಸೈಲೆನ್ಸರು, ಹ್ಯಾಂಡಲ್ಲು, ಚಕ್ರದ ಅಂಚು, ನಿಮ್ಮ ಕೈಗೆ ಬಂದದ್ದೆಲ್ಲ ಕನ್ನಡಿಯಾಗಿ ಹೋಗುತ್ತಿತ್ತು. ಶಿಗ್ಗಾಂವಿಯಿಂದ, ಹಾನಗಲ್ಲಿನಿಂದಲೂ ಗಾಡಿಗಳು ಬರತೊಡಗಿದವು. ಐವತ್ತು ದಾಟಿದ ಮೇಲೆ ಹೊಸ ಕಸುಬು ಹಿಡಿದೆ ಎಂದು ನೀವು ಎಷ್ಟು ಹಿಗ್ಗಿದ್ದಿರಿ!

ಅಬಲೂರಿನ ಮಾಸ್ತರರು ಗಾಡಿ ತಂದ ಬೆಳಿಗ್ಗೆ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಶಾಲೆಯ ಅಂಗಳದ ಬಿಸಿಲಿನಲ್ಲಿ ನಾಲ್ಕೈದು ವರ್ಷ ನಿಂತ ಗಾಡಿ ಅದು. ಟ್ಯಾಂಕಿನ ಕೆಂಪು ಹಾಗೇ ಇತ್ತು. ಆದರೆ ಸೀಟಿನ ಕೆಳಗಿನ ಎರಡೂ ಸೈಡ್ ಕವರುಗಳು, ಹೊಸದರಲ್ಲಿ ಕಡುಕಪ್ಪು ಇದ್ದ ಪ್ಲಾಸ್ಟಿಕ್ಕು, ಬೂದಿ ಬಳಿದ ಹಾಗೆ ಬಿಳಚಿಕೊಂಡಿದ್ದವು. ನೀವು ಒಂದನ್ನು ಬಿಚ್ಚಿ ಉಗುರಿನಿಂದ ಕೆರೆದಿರಿ, ಮೂಸಿದಿರಿ, ಕೊನೆಗೆ ನಾಲಿಗೆಯನ್ನೂ ತಾಗಿಸಿದಿರಿ! ನಾಲಿಗೆ ತಾಗಿದಲ್ಲಿ ಕಪ್ಪಾಯಿತು. ಆರಿದ ಕೂಡಲೇ ಮತ್ತೆ ಬೂದಿ.

"ತಾಮ್ರ ಕಿಲುಬು ಹಿಡದ್ರ ತಿಕ್ಕಬೋದು, ಕಬ್ಬಣ ತುಕ್ಕು ಹಿಡದ್ರ ಕೆರೀಬೋದು. ಇದರ ಕಪ್ಪು ಎಲ್ಲಿ ಹೋತು, ಬೇಟಿ?" ಎಂದು ನನ್ನನ್ನು ಕೇಳಿದಿರಿ.

"ಬಿಸಲು ತಿಂದಿರಬೇಕ್ರಿ ಚಾಚಾ."

"ತಿಂದಿದ್ರ ನಾಲಗಿ ಹಚ್ಚಿದಾಗ ಎಲ್ಲಿಂದ ಬಂತು?"

ಒಂದು ವಾರ ನಾವಿಬ್ಬರೂ ಅದೇ ಹುಚ್ಚಿನಲ್ಲಿದ್ದೆವು. ಶೇಂಗಾ ಎಣ್ಣೆ ಹಚ್ಚಿದಿರಿ, ಸಂಜೆಯೊಳಗೆ ಅದರ ಮೇಲೆ ಇಡೀ ಸವಣೂರಿನ ಧೂಳು ಕೂತಿತು. ಬೂಟ್ ಪಾಲೀಸು ಹಚ್ಚಿದರೆ ಮಾಸ್ತರರ ಬಿಳಿ ಪಾಯಿಜಾಮದ ಗತಿ ಏನು ಎಂದು ನಾನೇ ನಕ್ಕೆ. ಅಗಸೆ ಎಣ್ಣೆ ಸ್ವಲ್ಪ ವಾಸಿ ಎನಿಸಿತು, ನೀರು ಬಿದ್ದಾಗ ಅದೂ ಹೋಯಿತು. ಸೋತಷ್ಟೂ ನಿಮ್ಮ ಕಣ್ಣುಗಳು ಹೊಳೆಯುತ್ತಿದ್ದವು. ನನಗೆ ಕವರಿಗಿಂತ ನಿಮ್ಮನ್ನು ನೋಡುವುದೇ...

ಇನ್ನು ಆ ಶುಕ್ರವಾರ. ನೀವು ನಮಾಜಿಗೆ ಹೊರಟಾಗ ಬೆಳಿಗ್ಗೆ ಮತ್ತೆ ಎಣ್ಣೆ ಹಚ್ಚಿ ಒರೆಸಿದ್ದ ಎಡಗಡೆಯ ಕವರನ್ನು ನಿಮ್ಮ ಕಟ್ಟೆಯ ಮೇಲಿಟ್ಟು, "ನಾ ಬರೂತನಕ ಮುಟ್ಟಬ್ಯಾಡ ಬೇಟಿ" ಎಂದಿರಿ. ನೀವು ತಿರುವು ದಾಟುವವರೆಗೂ ಮುಟ್ಟಲಿಲ್ಲ. ಆಮೇಲೆ ನನ್ನ ತಲೆಯಲ್ಲಿ ಒಂದು ವಿಚಾರ ಹೊಕ್ಕಿತು. ರೆಕ್ಸಿನ್ನಿನ ಮೇಲಿನ ಬಣ್ಣದ ಕಲೆಯನ್ನು ನಾನು ಥಿನ್ನರಿನಿಂದ ತೆಗೆಯುತ್ತೇನಲ್ಲ, ಈ ಬೂದಿಯೂ ಅದರಿಂದಲೇ ಎದ್ದು ಬಂದರೆ? ಅರಿವೆ ಅದ್ದಿ ಒರೆಸಿದೆ. ಒಂದು ಕ್ಷಣ ಕಪ್ಪಾಯಿತು ಚಾಚಾ, ನಿಜವಾಗಿಯೂ ಕಪ್ಪಾಯಿತು. ಇನ್ನಷ್ಟು ಸುರಿದೆ. ಆಗ ಅರಿವೆ ಅಂಟಿತು. ಎಳೆದರೆ ಪ್ಲಾಸ್ಟಿಕ್ಕೇ ಬೆಲ್ಲದ ಪಾಕದ ಹಾಗೆ ಎಳೆಯಾಗಿ ಬಂತು. ಒತ್ತಿ ಸರಿಮಾಡಹೋದರೆ ನನ್ನ ಬೆರಳುಗಳು ಅದರಲ್ಲಿ ಅಚ್ಚಾದವು.

ಕವರನ್ನು ಅಲ್ಲೇ ಇಟ್ಟು ಬಂದು ಯಂತ್ರದ ಮುಂದೆ ಕೂತೆ. ನೀವೂ ಮಾಸ್ತರರೂ ಒಟ್ಟಿಗೇ ಒಳಗೆ ಬಂದಿರಿ. ತಗಡಿನಾಚೆಯಿಂದ ನಿಮ್ಮ ದನಿ ಕೇಳಿಸಿತು. "ತಪ್ಪಾತ್ರಿ ಮಾಸ್ತರ. ನನ್ನ ಕೈಲೆ ಕೆಟ್ಟೈತಿ."

"ಗೊತ್ತಿಲ್ಲದ ಕೆಲಸಕ್ಕ ಯಾಕ ಕೈ ಹಾಕ್ತೀರಿ?" ಎಂದು ಅವರು ಸಿಟ್ಟಾದರು.

ನಾನು ತಲೆ ಎತ್ತಲಿಲ್ಲ. ಬೆಳಿಗ್ಗೆ ಹಚ್ಚಿದ್ದ ಎಣ್ಣೆಯೇ ಕರಗಿಸಿತು ಎಂದುಕೊಂಡಿರಾ? ಇಲ್ಲವೇ ಥಿನ್ನರಿನ ವಾಸನೆ ನಿಮ್ಮ ಮೂಗಿಗೆ ಬಡಿದಿತ್ತೇ? ಆವತ್ತು ಎದ್ದು ನಿಂತು ಒಂದು ಮಾತು ಹೇಳಿದ್ದರೆ... ಹೇಳಲಿಲ್ಲ. ಕರಗಿಸಿದ್ದು ನಾನು, ಚಾಚಾ.

ಮಾರನೇ ದಿನ ನೀವು ತಗಡು ಕತ್ತರಿಸಿ, ಬಡಿದು, ಕಪ್ಪು ಬಳಿದು ಎಡಕ್ಕೊಂದು ಕವರು ಮಾಡಿ ಕೂರಿಸಿಕೊಟ್ಟಿರಿ. ಕೆಟ್ಟದ್ದನ್ನು ನಾನು ನನ್ನ ಕಟ್ಟೆಯ ಕೆಳಗೆ, ರೆಕ್ಸಿನ್ ತುಂಡುಗಳ ನಡುವೆ ತುರುಕಿದೆ. ಆದರೆ ಮಾತು ಊರೂರು ತಿರುಗಿತು. ಹಾನಗಲ್ಲಿನ ಗಾಡಿಗಳು ನಿಂತವು, ಆಮೇಲೆ ಶಿಗ್ಗಾಂವಿಯವೂ. "ನಂದು ಪಾತ್ರಿ ಕೆಲಸನ ಛಲೋ ಬೇಟಿ" ಎಂದು ನೀವು ಮತ್ತೆ ಆರಿದ ಒಲೆಯ ಮುಂದೆ ಕೂತಿರಿ. ಆಮೇಲೆ ಎರಡೇ ವರ್ಷ ನೀವಿದ್ದದ್ದು. ಅಷ್ಟು ದಿನವೂ ನಾವು ನಡುವಿನ ತಗಡು ಬಡಿದು ಒಬ್ಬರನ್ನೊಬ್ಬರು ಚಹಾಕ್ಕೆ ಕರೆದೆವು. ಹೇಳಲು ದಿನಗಳೇನೂ ಕಡಿಮೆ ಇರಲಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ರೆಕ್ಸಿನ್ ಬಿರುಸಾಗಿ ಸೀಟಿನ ಮೇಲೆ ಎಳೆಯಲು ಬರುತ್ತಿರಲಿಲ್ಲ. ಕೆಂಡದ ಒಲೆಯ ಮುಂದೆ ಹಿಡಿದು ಮೆತ್ತಗೆ ಮಾಡಿಕೊಳ್ಳುತ್ತಿದ್ದೆ. ತುಂಡು ಹುಡುಕುತ್ತ ಕಟ್ಟೆಯ ಕೆಳಗಿನದನ್ನೆಲ್ಲ ಹೊರಗೆಳೆದಾಗ ಆ ಕವರೂ ಬಂದು ಒಲೆಯ ಪಕ್ಕ ಬಿತ್ತು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಕರಗದೆ ಉಳಿದಿದ್ದ ಮೂಲೆ, ಕೆಂಡದ ಕಡೆಗಿದ್ದ ಭಾಗ, ಕಪ್ಪಾಗಿದೆ. ಮಸಿ ಎಂದುಕೊಂಡು ಬೆರಳಿನಿಂದ ಒರೆಸಿದೆ. ಬೆರಳು ಸ್ವಚ್ಛ! ನೀರು ಹಾಕಿ ತಿಕ್ಕಿದೆ, ಆರಿಸಿದೆ. ಕಪ್ಪು ಹೋಗಲಿಲ್ಲ. ಮಾರನೇ ದಿನವೂ ಹೋಗಲಿಲ್ಲ.

ಕಪ್ಪು ಎಲ್ಲಿಗೂ ಹೋಗಿರಲಿಲ್ಲ ಚಾಚಾ, ಒಳಗೇ ಇತ್ತು. ಬಿಸಿಲಿಗೆ ಸುಟ್ಟು ಒರಟಾಗಿದ್ದು ಮೇಲಿನ ತೆಳು ಸಿಪ್ಪೆ ಮಾತ್ರ. ಹದವಾದ ಶಾಖ ತಾಗಿದರೆ ಅದು ಒಂದಿಷ್ಟು ಕರಗಿ ನುಣುಪಾಗುತ್ತದೆ, ಒಳಗಿನ ಕಪ್ಪು ಕಾಣುತ್ತದೆ. ಬಿಸಿಲು ಕೆಡಿಸಿದ್ದನ್ನು ಬೆಂಕಿ ಸರಿಮಾಡುವುದೆಂದರೆ! ಜೀವಮಾನವಿಡೀ ಬೆಂಕಿಯ ಮುಂದೆ ಕೂತ ನಿಮಗೇ ಇದು ಹೊಳೆಯಲಿಲ್ಲವಲ್ಲ. ಹೊಳೆದಿದ್ದರೆ...

ಚಾಚಿಯಿಂದ ಜ್ವಾಲೆ ಉಗುಳುವ ನಿಮ್ಮ ಸೀಮೆಎಣ್ಣೆಯ ಬ್ಲೋ ಲ್ಯಾಂಪ್ ಕೇಳಿ ತಂದೆ. ಒಡೆದ ಪ್ಲಾಸ್ಟಿಕ್ ಮಡ್‌ಗಾರ್ಡುಗಳ ಮೇಲೆ ತಿಂಗಳುಗಟ್ಟಲೆ ಕಲಿತೆ. ಜ್ವಾಲೆ ಒಂದು ಗೇಣು ದೂರ ಇರಬೇಕು, ಒಂದೇ ಕಡೆ ನಿಲ್ಲಬಾರದು. ನಿಂತರೆ ಗುಳ್ಳೆ ಏಳುತ್ತದೆ.

ಹೋದ ಭಾನುವಾರ ಹಿರೇಕೆರೂರಿಗೆ ಬಸ್ಸು ಹತ್ತಿ ಅಬಲೂರಿಗೆ ಹೋದೆ. ಮಾಸ್ತರರ ಗಾಡಿಗೆ ನಿಮ್ಮ ತಗಡಿನ ಕವರು ಇನ್ನೂ ಅಲುಗದೆ ಕೂತಿದೆ. ಅವರ ಅಂಗಳದಲ್ಲೇ ಬಲಗಡೆಯದನ್ನು ಬಿಚ್ಚಿ ಶಾಖ ಕೊಟ್ಟೆ. ಬೂದಿಯೊಳಗಿಂದ ಕಪ್ಪು ಹರಿದು ಬರುವುದನ್ನು ಅವರು ಬಗ್ಗಿ ನೋಡಿದರು. "ಅರೇ, ಇದೇನ್ ಇದು!" ಎಂದು ಹೆಂಡತಿಯನ್ನು ಕರೆದರು.

ಆಗ ಹೇಳಿಬಿಟ್ಟೆ. "ಮಾಸ್ತರ, ಅವತ್ತ ಕೆಡಿಸಿದಾಕಿ ನಾನ್ರಿ. ಚಾಚಾ ಅಲ್ಲ."

ಅವರು ನಿಮ್ಮ ತಗಡಿನ ಕವರಿನ ಮೇಲೆ ಕೈಯಾಡಿಸಿದರು. "ನಾ ನಾಕ್ ಊರಾಗ ಅವರ ಹೆಸರ್ ಹೇಳಿ ಬೈದೇನಿ" ಎಂದರು. ಆಮೇಲೆ, "ಇದನ್ನ ಅವರ ಮುಂದ ಹೇಳಬೇಕಿತ್ತಲ್ಲವಾ. ನನ್ನ ಮುಂದ ಹೇಳಿ ಏನಾತು?" ಎಂದರು.

ಅದಕ್ಕೇ ಈ ಪತ್ರ. ಮಾಸ್ತರರು ಈಗ ಹೋದಲ್ಲೆಲ್ಲ ನಿಜ ಹೇಳುತ್ತಿದ್ದಾರಂತೆ. ಹಾನಗಲ್ಲಿನಿಂದ ಮೊನ್ನೆ ಎರಡು ಗಾಡಿ ಬಂದವು. ಈ ಕಪ್ಪು ಎಷ್ಟು ಬೇಸಿಗೆ ತಡೆಯುತ್ತದೆ, ಎರಡನೇ ಸಲ ಶಾಖಕ್ಕೆ ಒಗ್ಗುತ್ತದೆಯೇ, ನನಗಿನ್ನೂ ತಿಳಿಯದು. ನೀವಿದ್ದಿದ್ದರೆ ಇಷ್ಟೊತ್ತಿಗೆ ನಾಲಿಗೆ ತಾಗಿಸುತ್ತಿದ್ದಿರಿ.

ಚಾಚಿಗೆ ಕನ್ನಡ ಓದಲು ಬಾರದು. ನಾಳೆ ಬೆಳಿಗ್ಗೆ ಅವರ ಮನೆಗೆ ಹೋಗಿ ಇದನ್ನು ಮೊದಲ ಸಾಲಿನಿಂದ ಗಟ್ಟಿಯಾಗಿ ಓದಿ ಹೇಳುತ್ತೇನೆ. ಶುಕ್ರವಾರದ ಮಾತು ಬಂದಾಗ ದನಿ ಇಳಿಸುವುದಿಲ್ಲ.

ನಿಮ್ಮ ಬೇಟಿ,
ಶಂಕ್ರವ್ವ