ಓಣಿಗೆಲ್ಲ ಬ್ರೆಡ್

ಭಾನುವಾರ, ಮಧ್ಯಾಹ್ನ

ನನ್ನ ಮಗಳ ಅಪ್ಪನಿಗೆ,

ಬೇರೆ ಏನೆಂದು ಕರೆಯಬೇಕೋ ತಿಳಿಯಲಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಫೋನ್ ಮಾಡಿದರೆ ಎರಡನೇ ಮಾತಿಗೇ ಜಗಳ ಶುರುವಾಗಿ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕೊನೆಯವರೆಗೂ ಓದಿ.

ನಿಮ್ಮ ಮಗಳು ಈಗ ನಮ್ಮ ಓಣಿಯ ಬೇಕರಿಯವಳು. ಬೆಳಗಾದರೆ ಸ್ಟೀಲ್ ಡಬ್ಬಿ ಹಿಡಿದು ರೈಲು ಹಳಿಯಾಚೆ ಹೋಗುತ್ತಾಳೆ. ಮುಚ್ಚಿಹೋದ ಗಿರಣಿಯ ಗೋಡೆಗುಂಟ ಮುಳ್ಳುಪೊದೆಗಳಲ್ಲಿ ಕಪ್ಪನೆಯ ಕಾಡುಹಣ್ಣು ಬಿಟ್ಟಿದೆ, ಯಾರೂ ಕಣ್ಣೆತ್ತಿ ನೋಡದ ಹಣ್ಣು. ಕೈತುಂಬ ಗೀರು ಮಾಡಿಕೊಂಡು ತರುತ್ತಾಳೆ, ಸಕ್ಕರೆಯಲ್ಲಿ ಕುದಿಸಿ ಕೇಕಿಗೆ ಹಾಕುತ್ತಾಳೆ. ಜೊತೆಗೆ ಉಪ್ಪು, ಈರುಳ್ಳಿ ಹಾಕಿದ ಬ್ರೆಡ್. ಮನೆಯೆಲ್ಲ ಘಮಘಮ. ಪೋಸ್ಟ್‌ಮನ್ ನಮಗೆ ಪತ್ರವಿಲ್ಲದ ದಿನವೂ ಬಾಗಿಲಲ್ಲಿ ನಿಂತು ಕೆಮ್ಮುತ್ತಾನೆ. ಎದುರುಮನೆಯ ಟೀಚರಮ್ಮ, “ನಿಮ್ಮ ಮಗಳ ಕೈರುಚಿ ಯಾರಿಗೂ ಬರಲ್ಲ ಬಿಡಿ. ನೀವು ಪುಣ್ಯ ಮಾಡಿದ್ದೀರಿ” ಎಂದರು. ನಾನು ನಕ್ಕೆ. ಇನ್ನೇನು ಮಾಡಲಿ?

ಅವಳು ಅದರಲ್ಲಿ ಒಂದು ಚೂರನ್ನೂ ತಿನ್ನುವುದಿಲ್ಲ.

ಬ್ರೆಡ್ ಅಂತಲ್ಲ, ಏನನ್ನೂ ತಿನ್ನುವುದಿಲ್ಲ. ಕೇಳಿದರೆ “ಮಾಡ್ತಾ ಮಾಡ್ತಾನೇ ತಿಂದೆ ಅಮ್ಮ, ಹೊಟ್ಟೆ ತುಂಬಿದೆ” ಅನ್ನುತ್ತಾಳೆ. ಮೊದಮೊದಲು ನಂಬಿದೆ. ನನಗೆ ಸಂಶಯ ಹುಟ್ಟಿದ್ದು ಅಡುಗೆಮನೆಯಲ್ಲಲ್ಲ, ಹೊಲಿಗೆ ಮಷೀನಿನ ಮುಂದೆ. ಟೀಚರಮ್ಮನ ರವಿಕೆ ಬಿಗಿಯಾಯಿತು, ಪೋಸ್ಟ್‌ಮನ್ ಪ್ಯಾಂಟು ಬಿಗಿಯಾಯಿತು, ಎಲ್ಲರದ್ದೂ ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತ ಕೂತಿದ್ದೆ. ಇವಳೊಬ್ಬಳು ಮಾತ್ರ ತನ್ನ ಬಟ್ಟೆ ತಂದು, “ಇದನ್ನ ಸ್ವಲ್ಪ ಹಿಡಿದುಕೊಡು” ಅನ್ನುತ್ತಿದ್ದಳು. ಹಿಡಿದೆ, ಮತ್ತೆ ಹಿಡಿದೆ. ಒಂದು ದಿನ ಟೇಪನ್ನು ಸೊಂಟಕ್ಕೆ ಸುತ್ತಿ ಅಳತೆ ನೋಡಿದವಳೇ ಕೆಳಗೆ ಹಾಕಿಬಿಟ್ಟೆ. ಇನ್ನು ನಾನು ಹೊಲಿಯುವುದಿಲ್ಲ ಎಂದೆ. ಅಂದಿನಿಂದ ಪಿನ್ನು ಚುಚ್ಚಿಕೊಂಡು ಓಡಾಡುತ್ತಿದ್ದಾಳೆ.

ಒಮ್ಮೆ ಬ್ರೆಡ್ಡಿನ ತುಂಡು ಅವಳ ಕೈಯಲ್ಲಿಟ್ಟು, ತಿನ್ನುವವರೆಗೂ ಬಿಡುವುದಿಲ್ಲ ಎಂದು ಎದುರಿಗೇ ಕುರ್ಚಿ ಹಾಕಿಕೊಂಡು ಕೂತೆ. ಬಾಯಿಗಿಟ್ಟುಕೊಂಡಳು. ನನ್ನ ಮುಖವನ್ನೇ ನೋಡುತ್ತ ಅಗಿದಳು, ಅಗಿಯುತ್ತಲೇ ಇದ್ದಳು. ಕಣ್ಣೀರು ಗಲ್ಲದವರೆಗೂ ಇಳಿಯಿತು, ತುತ್ತು ಮಾತ್ರ ಇಳಿಯಲಿಲ್ಲ. “ಆಗ್ತಿಲ್ಲಮ್ಮ. ಹಠ ಅಲ್ಲ ಇದು. ನಿಜವಾಗ್ಲೂ ಆಗ್ತಿಲ್ಲ” ಎಂದಳು. ನಾನೇ ಕೈಯೊಡ್ಡಿ, ಉಗಿ ಎಂದೆ.

ಸಿಟ್ಟಿಗೆ ಮೈದಾ, ಯೀಸ್ಟು ಎಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವಳು ಜಗಳವಾಡಲಿಲ್ಲ. ತಣ್ಣಗಿದ್ದ ಓವನ್ನಿನ ಪಕ್ಕ ಗೋಡೆಗೊರಗಿ ಕೂತಳು. ಸಂಜೆಯಾದರೂ ಏಳಲಿಲ್ಲ. ಅವಳು ಹಾಗೆ ಕೂತದ್ದನ್ನು ನೋಡಲಾಗದೆ ನಾನೇ ಬೀಗ ತೆಗೆದು ಹಿಟ್ಟು ತಂದಿಟ್ಟೆ. ನಾದುವಾಗಲಾದರೂ ಮುಖದಲ್ಲಿ ಒಂದಿಷ್ಟು ಕಳೆ ಇರುತ್ತದೆ.

ಕಳೆದ ವಾರ ಓವನ್ನಿನಿಂದ ಟ್ರೇ ತೆಗೆಯುತ್ತಿದ್ದವಳು ಕಣ್ಣುಕತ್ತಲೆ ಬಂದು ಬಿದ್ದಳು. ಮುಂಗೈ ಸುಟ್ಟಿದೆ. ಪಕ್ಕದ ಮನೆಯ ಎಲೆಕ್ಟ್ರಿಷಿಯನ್‌ನನ್ನು ಕರೆದೆ, ಅವನು ಬಂದು ಎತ್ತಿ ಮಂಚದ ಮೇಲೆ ಮಲಗಿಸಿದ. ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಹೀಗೆ ಊಟ ಸೇರದಿರುವುದೇ ಕಾಯಿಲೆ, ಹೃದಯದವರೆಗೂ ಹೋಗಿದೆ, ತಕ್ಷಣ ಅಡ್ಮಿಟ್ ಆಗಬೇಕು ಎಂದರು. ಇವಳು ಒಲ್ಲೆ ಎಂದಳು. ಪ್ರಾಯಕ್ಕೆ ಬಂದ ಹುಡುಗಿ, ಅವಳೇ ಒಪ್ಪಬೇಕಂತೆ. “ಸದ್ಯಕ್ಕೆ ಕೇಳ್ತಾ ಇರಿ, ಬಿಡಬೇಡಿ. ಇನ್ನೊಂದ್ಸಲ ಬಿದ್ರೆ ಮಾತ್ರ ಕಾಯಬೇಡಿ, ನೇರವಾಗಿ ಕರ್ಕೊಂಡು ಬನ್ನಿ” ಎಂದರು. ಹೆತ್ತವಳಿಗೆ ಇಷ್ಟೇನಾ ಕೆಲಸ, ಮಗಳು ಇನ್ನೊಮ್ಮೆ ಬೀಳುವುದನ್ನು ಕಾಯುವುದು?

ನಿಮ್ಮಿಂದ ಹೀಗಾಯಿತು ಎನ್ನಲು ಬರೆದದ್ದಲ್ಲ. ಡಾಕ್ಟರಮ್ಮ ಯಾರಿಂದಲೂ ಅಲ್ಲ ಎಂದರು. ಹಾಗೆಂದಾಗ ನನಗೆ ಸಮಾಧಾನವೇನೂ ಆಗಲಿಲ್ಲ. ಯಾರದಾದರೂ ತಪ್ಪಾಗಿದ್ದರೆ ಹೋಗಿ ಜಗಳವನ್ನಾದರೂ ಆಡಬಹುದಿತ್ತು.

ನಿನ್ನೆ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ, “ಅಪ್ಪ ಈಗ ಯಾರ ಕೈಯಡುಗೆ ಉಣ್ತಾರೆ?” ಎಂದು ಕೇಳಿದಳು. ಅಪ್ಪನನ್ನು ಬರಹೇಳಲಾ ಎಂದೆ. ಬೇಡ ಅನ್ನಲಿಲ್ಲ. ಅಷ್ಟನ್ನೇ ಹಿಡಿದುಕೊಂಡು ಬರೆಯುತ್ತಿದ್ದೇನೆ. ನೀವು ಬಂದರೆ ಆಸ್ಪತ್ರೆಗೆ ಒಪ್ಪುತ್ತಾಳೆಂಬ ಭರವಸೆ ನನಗಿಲ್ಲ. ಪ್ರೆಸ್ಸಿನ ಕೆಲಸದಲ್ಲಿ ನಿಮಗೆ ರಜೆ ಸಿಗುವುದು ಕಷ್ಟ ಎಂಬುದೂ ಗೊತ್ತು. ಬನ್ನಿ. ನಮ್ಮ ಲೆಕ್ಕ ಆಮೇಲೆ ನೋಡಿಕೊಳ್ಳೋಣ. ಬಂದಾಗ ಬ್ರೆಡ್ ತಂದಿಡುತ್ತಾಳೆ. ಚೆನ್ನಾಗಿದೆ ಎಂದು ಮಾತ್ರ ಹೊಗಳಬೇಡಿ. ಎಲ್ಲರೂ ಹೊಗಳಿದ್ದಾರೆ.

ಇತಿ,
ನಿಮ್ಮವಳು

ಮತ್ತೆ: ಎಲೆಕ್ಟ್ರಿಷಿಯನ್ ವಿಷಯ ಸುಳ್ಳು. ನೀವು ಗಾಬರಿಯಾಗಬಾರದೆಂದು ಹಾಗೆ ಬರೆದೆ. ಆ ದಿನ ಯಾರನ್ನೂ ಕರೆಯಲಿಲ್ಲ. ನನ್ನ ಬೆನ್ನಿನ ಅವಸ್ಥೆ ನಿಮಗೆ ಗೊತ್ತಲ್ಲ, ತುಂಬಿದ ಬಕೆಟ್ ಕೂಡ ಎತ್ತಲಾರೆ. ಅವಳನ್ನು ನಾನೊಬ್ಬಳೇ ಎರಡೂ ಕೈಯಲ್ಲಿ ಎತ್ತಿಕೊಂಡು ಮಂಚದವರೆಗೂ ಹೋದೆ. ನೋವೇ ಆಗಲಿಲ್ಲ.