ಗೆರೆಯಾಚೆಯ ಅಜ್ಜಿ

ಅತ್ತೆ,

ಸಮುದ್ರ ನೋಡಿದೆವು. ಕೊರೊನಾ ಶುರುವಾದ ಮೇಲೆ ನಾವು ಊರು ದಾಟಿದ್ದು ಇವತ್ತೇ. ಮರಳಿಗೆ ಇಳಿದವರೇ ನಿಮ್ಮ ಮಗ ಅಂಗಡಿಯ ಟೇಪು ತೆಗೆದು, ನಮಗೂ ಪಕ್ಕದವರಿಗೂ ನಡುವೆ ಅಳೆದರು. ಟೇಪು ಐದು ಅಡಿಗೇ ಮುಗಿಯಿತು. "ಇನ್ನೊಂದಡಿ ಹೊಲಿಗೆಗೆ ಇರ್ಲಿ" ಎಂದು ಅದರಾಚೆ ಗೆರೆ ಎಳೆದರು. ದರ್ಜಿಯ ಬುದ್ಧಿ ಸಮುದ್ರಕ್ಕೆ ಬಂದರೂ ಬಿಡಲಿಲ್ಲ, ನೋಡಿ.

ಗೆರೆಯಾಚೆ ಒಬ್ಬರು ಅಜ್ಜಿ ಇದ್ದರು. ಅವರು "ಬಾರೋ ಪುಟ್ಟಾ" ಎಂದು ಕೈಚಾಚಿದ್ದೇ ತಡ, ನೀವಿನ್ನೂ ಎತ್ತಿಕೊಳ್ಳದ ಮೊಮ್ಮಗ ನನ್ನ ಮಡಿಲಿಂದ ಜಾರಿ ಎದ್ದು ನಿಂತ. ಅಜ್ಜಿಗೆ ತಟ್ಟನೆ ನೆನಪಾಯಿತೇನೋ, "ಮುಟ್ಟಲ್ಲಮ್ಮಾ, ಹೆದರ್ಬೇಡಿ" ಎನ್ನುತ್ತಾ ಹಿಂದೆ ಸರಿದರು. ಅವರು ಸರಿದಷ್ಟೂ ಇವನು ಮುಂದೆ. ಅತ್ತೆ, ನಿನ್ನೆವರೆಗೂ ಅಂಬೆಗಾಲಿಡುತ್ತಿದ್ದವನು ನಡೆದೇಬಿಟ್ಟ! ನಿಮ್ಮ ಮಗ ಟೇಪು ಹಿಡಿದು ಬಾಯಿಬಿಟ್ಟು ನಿಂತಿದ್ದರು. ಮಾಸ್ಕ್ ಇದ್ದರೂ ಗೊತ್ತಾಯಿತು. ಕೈಗೆ ಸಿಗದ ಅಜ್ಜಿಯನ್ನು ನೋಡಿ ಇವನು ಕೊನೆಗೆ ಕೂತು ಅತ್ತ.

ಕೆಮ್ಮು, ಜ್ವರ ಯಾರಿಗೂ ಇಲ್ಲ. ನೀವು ಬಿಪಿ ಮಾತ್ರೆ ತಪ್ಪಿಸಬೇಡಿ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಿಮ್ಮೂರಿಗೆ ಬಸ್ಸು ಬಿಟ್ಟ ಕೂಡಲೇ ಇವನನ್ನು ನಿಮ್ಮ ಬಾಗಿಲಲ್ಲಿ ನಿಲ್ಲಿಸುತ್ತೇವೆ. ನೀವು ಮಾತ್ರ ಹಿಂದೆ ಸರಿಯಬೇಡಿ.

ನಿಮ್ಮ ಸೊಸೆ