ನಡು ಹೊಲಿಯದ ಕೌದಿ

ಅವ್ವಾ,

ನೀನು ಹೋಗಿ ನಾಲ್ಕು ವರ್ಷವಾಯಿತು. ಇದ್ದಾಗ ನಿನಗೆ ಓದಲು ಬರುತ್ತಿರಲಿಲ್ಲ, ಈಗ ಬರುತ್ತದೆಂದು ನಂಬಿ ಬರೆಯುತ್ತಿದ್ದೇನೆ. ಗಿರಾಕಿಗಳನ್ನು ಮಾತಿನಲ್ಲೇ ಕಟ್ಟಿಹಾಕುವ ನಿನ್ನ ಮಗನಿಗೆ ಎರಡು ದಿನದಿಂದ ಬಾಯಿ ಕಟ್ಟಿದೆ. ಯಾರಿಗಾದರೂ ಹೇಳಿಕೊಳ್ಳದಿದ್ದರೆ...

ಇಟ್ಟಮಡುವಿನ ತಗಡಿನ ಮನೆಯಲ್ಲಿ ನೀನು ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದುದು ಕಣ್ಣಿಗೆ ಕಟ್ಟಿದೆ. ಅಂಚಿನಿಂದ ಒಳಕ್ಕೆ, ಸುತ್ತು ಸುತ್ತಾಗಿ. ಒಂದು ಮಧ್ಯಾಹ್ನಕ್ಕೆ ಒಂದೂವರೆ ಸುತ್ತು, ನಾನು ಎಣಿಸಿದ್ದೆ. "ಇಲ್ಲಿ ಕೊಡವ್ವ, ಮಷೀನಿನಲ್ಲಿ ಅರ್ಧ ಗಂಟೆ ಕೆಲಸ" ಎಂದರೆ ನೀನು ತಲೆಯನ್ನೂ ಎತ್ತಲಿಲ್ಲ. "ಮುಗಿಸಿ ಎಲ್ಲಿಗೆ ಓಡೂದೈತೊ ನಿನಗ? ಕುಂತು ಹೊಲಿಯೂದ ಸುಖ ಇದರಾಗ." ಗದಗದ ಕಡೆಯ ಆ ಮಾತು ಕೇಳಿ ನಕ್ಕುಬಿಟ್ಟಿದ್ದೆ. ಅಷ್ಟು ನಿಧಾನಕ್ಕೆ ಹೊಲಿದಿದ್ದರೆ ಜಯನಗರ ಫೋರ್ತ್ ಬ್ಲಾಕಿನಲ್ಲಿ ನನ್ನ ಟೈಲರ್ ಅಂಗಡಿ ನಿಲ್ಲುತ್ತಿತ್ತೇ?

ನಿನ್ನ ಮೊಮ್ಮಗಳು ಗಿರಿಜಾಗೆ ಮೊದಲ ಬಸಿರು ಇಳಿದುಹೋದಾಗ ನೀನೇ ಅವಳ ತಲೆ ಸವರುತ್ತ ಕೂತಿದ್ದೆ. ಎರಡನೆಯದೂ ಹೋಯಿತು, ಅದು ನಿನಗೆ ಗೊತ್ತಿಲ್ಲ. ಈ ಸಲ ನಾಲ್ಕು ತಿಂಗಳಿಗೇ ಅವಳನ್ನು ಮನೆಗೆ ಕರೆತಂದೆವು. ಹೆರಿಗೆಯವರೆಗೆ ಮಂಚದಿಂದ ಇಳಿಯಬಾರದೆಂದು ಡಾಕ್ಟರು ಹೇಳಿದ್ದರು. ಅವಳು ಮಲಗಿದ್ದಳು, ನಾನು ಬಾಗಿಲಿಗೂ ಕಿಟಕಿಗೂ ತಿರುಗುತ್ತಿದ್ದೆ. "ಅಪ್ಪಾ, ನೀವು ಓಡಾಡೋದು ನೋಡಿನೇ ನಂಗೆ ಸುಸ್ತಾಗುತ್ತೆ. ಎಲ್ಲಾದ್ರೂ ಕೂತ್ಕೊಳ್ಳಿ" ಎಂದಳು.

ಮಾರನೆಯ ದಿನ ನಿನ್ನ ಮೂರು ಸೀರೆಗಳನ್ನು ಅಂಗಡಿಗೆ ಒಯ್ದೆ. ಕೂಸಿಗೆ ಕೌದಿ. ಮಷೀನಿನಲ್ಲಿ ಒಂದೇ ಮಧ್ಯಾಹ್ನಕ್ಕೆ ಮುಗಿಸಿ, ತಂದು ಮಗಳ ಮಂಚದ ಮೇಲೆ ಹಾಸಿದೆ. ನಿನ್ನ ಸೊಸೆ ಸರಸು ಅದರ ಮೇಲೆ ಕೈಯಾಡಿಸಿದಳು. ನಡುವಿಗೆ ಬಂದ ಕೈ ಅಲ್ಲೇ ನಿಂತಿತು.

"ನಡು ಮುಚ್ಚಿಬಿಟ್ರಾ? ಅಂಗೈಯಗಲ ಬಿಟ್ಟಿರ್ಬೇಕು, ಮಗು ಬಂದ್ಮೇಲೇ ಹೊಲೀಬೇಕು, ಮೊದಲೇ ಮುಚ್ಚಿದ್ರೆ ಒಳ್ಳೇದಲ್ಲ ಅಂತ ಅತ್ತೆ ಎಷ್ಟು ಸಲ ಹೇಳಿದ್ರು. ಸೊಸೆ ನನಗೆ ನೆನಪಿದೆ, ಮಗ ನಿಮಗಿಲ್ಲ."

ಗಿರಿಜಾ ಗೋಡೆಯ ಕಡೆ ಹೊರಳಿದಳು. ಇಂಥದನ್ನೆಲ್ಲ ನಂಬುವವನೇ ನಾನು? ಅಲ್ಲ. ಆದರೂ ಅಲ್ಲೇ ನೆಲದ ಮೇಲೆ ಕೂತು, ಬ್ಲೇಡು ಹಿಡಿದು, ಅಷ್ಟೂ ಹೊಲಿಗೆ ಬಿಚ್ಚಿದೆ.

ಕೈಸೂಜಿ ಹಿಡಿದ ಮೊದಲ ವಾರ ಗೇಣಿಗೆ ಎಷ್ಟು ಹೊಲಿಗೆ ಬಿತ್ತೆಂದು ಎಣಿಸಿದೆ. ಆಮೇಲೆ ಎಣಿಕೆ ತಪ್ಪಿತು, ತಪ್ಪಿದ್ದಕ್ಕೆ ಬೇಸರವೂ ಆಗಲಿಲ್ಲ. ಅಂಗಡಿಯನ್ನು ಮಧ್ಯಾಹ್ನವೇ ಮುಚ್ಚಿ ಮಗಳ ಮಂಚದ ಬುಡದಲ್ಲಿ ಕೂರುತ್ತಿದ್ದೆ. ಒಂದು ದಿನ ಅವಳು ಬಗ್ಗಿ ನೋಡಿ, "ಆ ಹಸಿರು ತುಂಡು, ಅಜ್ಜಿ ನನ್ನ ಸ್ಕೂಲಿಗೆ ಬಿಡೋಕೆ ಉಟ್ಕೊಂಡು ಬರ್ತಿದ್ದ ಸೀರೇದಲ್ವಾ? ಹೊಲಿಗೆ ಮಾತ್ರ ಸೊಟ್ಟ ಅಪ್ಪ. ಗಿರಾಕಿ ನೋಡಿದ್ರೆ ಮುಖಕ್ಕೆ ಎಸೀತಾರೆ" ಎಂದಳು.

"ಈ ಗಿರಾಕಿ ಇನ್ನೂ ಬಂದಿಲ್ಲವಲ್ಲಮ್ಮ. ಬಂದು ಬೈಲಿ."

ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಭಯ ಹೋಗಿತ್ತೆಂದಲ್ಲ ಅವ್ವಾ. ಸೂಜಿ ಆಡುತ್ತಿರುವಷ್ಟು ಹೊತ್ತು ನನ್ನ ಎದೆ ಬಡಿತ ನನಗೆ ಕೇಳುತ್ತಿರಲಿಲ್ಲ, ಅಷ್ಟೇ. ನೀನು ಹೇಳಿದ ಸುಖ ಇದೇ ಏನು?

ಮೊನ್ನೆ ಬೆಳಿಗ್ಗೆ ಗಿರಿಜಾಗೆ ನೋವು ಬಂತು. ಏಳು ತಿಂಗಳು ತುಂಬಿ ಒಂಬತ್ತೇ ದಿನ. ಆಟೋದಲ್ಲಿ ಸರಸು ಆಸ್ಪತ್ರೆಯವರೆಗೂ ನನ್ನ ಮುಖ ನೋಡಲಿಲ್ಲ. ಒಮ್ಮೆ ಮುಚ್ಚಿ ಬಿಚ್ಚಿದ್ದೂ ಮುಚ್ಚಿದಂತೆಯೇ ಏನು? ನನ್ನ ಆ ಒಂದು ಮಧ್ಯಾಹ್ನದ ಅವಸರಕ್ಕೆ ಈ ಹುಡುಗಿ... ಇದನ್ನು ಯಾರನ್ನು ಕೇಳಲಿ? ಗೊತ್ತಿದ್ದವಳು ನೀನೊಬ್ಬಳೇ.

ನಿನಗೆ ಮರಿಮೊಮ್ಮಗಳು ಹುಟ್ಟಿದ್ದಾಳೆ ಅವ್ವಾ. ಒಂದು ಕೇಜಿ ಮುನ್ನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಉಸಿರೆಳೆದಾಗಲೆಲ್ಲ ಪಕ್ಕೆಗಳು ಒಳಕ್ಕೆ ಹೋಗುತ್ತವೆ. ಗಿರಿಜಾ ಇನ್ನೂ ಮಗುವನ್ನು ಮುಟ್ಟಿಲ್ಲ. ನಿನ್ನೆ ಸರಸು ಚೀಲದಿಂದ ಕೌದಿ ತೆಗೆದು ನನ್ನ ತೊಡೆಯ ಮೇಲಿಟ್ಟಳು. "ಮಗು ಬಂತಲ್ಲ, ನಡು ಹೊಲೀರಿ." ಸೂಜಿಗೆ ದಾರ ಪೋಣಿಸಿದೆ. ಕೈ ಏಳಲಿಲ್ಲ. "ಮನೆಗೆ ಬರಲಿ ಕಣೆ" ಎಂದೆ. ಅವಳು ಪಕ್ಕದಲ್ಲೇ ಕೂತಳು.

ಇವತ್ತು ಡಾಕ್ಟರು ಎದುರಿಗೇ ಬಂದು ನಿಂತರು. ಇಪ್ಪತ್ತೈದು ವರ್ಷ ಊರಿಗೆಲ್ಲ ಬಟ್ಟೆ ಕೊಡುವ ತಾರೀಖು ಹೇಳಿಕೊಂಡೇ ಬದುಕಿದವನು ನಾನು. 'ಮನೆಗೆ ಯಾವಾಗ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಇನ್ನು ಮುಂದೆಯೂ ಕೇಳುವುದಿಲ್ಲ. ಎಷ್ಟು ದಿನ ಬೇಕೋ ಅಷ್ಟು ದಿನ ಅವಳು ಆ ಪೆಟ್ಟಿಗೆಯಲ್ಲಿ ಮಲಗಿರಲಿ. ನಾನು ಹೊರಗಡೆ ಬೆಂಚಿನ ಮೇಲೆ ಕೂತಿರುತ್ತೇನೆ.

ನಿನ್ನ ಮಗ